ತೂಕದಣ್ಣನ ಮೂರು ಲೀಟರು

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎನ್ನುತ್ತಾರೆ ಹಿರಿಯರು. ಹುಲ್ಲಿನ ಮಾತು ಹಾಗಿರಲಿ, ನೀರಿನ ವಿಷಯದಲ್ಲಿ ಮಾತ್ರ ಅವನ ಹಂಚಿಕೆ ಸ್ವಲ್ಪ ವಿಚಿತ್ರ. ಬೇಡ ಎನ್ನುವವನ ಮುಂದೆ ಕೊಡ ಇಡುತ್ತಾನೆ, ಬೇಕು ಎನ್ನುವವಳ ಕೈಗೆ ಚಮಚ ಕೊಡುತ್ತಾನೆ. ಅಂಥ ಒಬ್ಬ ತಮ್ಮ ಮತ್ತು ಒಬ್ಬಳು ಅಕ್ಕನ ಕಥೆ ಇದು.

ತಮ್ಮ ಕಾಗದದ ಕಾರ್ಖಾನೆಯ ಗೇಟಿನಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುವವನು. ಲಾರಿ ಹತ್ತಿ ನಿಲ್ಲುವ ಉದ್ದನೆಯ ಕಬ್ಬಿಣದ ಹಲಗೆ, ಅದರ ಪಕ್ಕದಲ್ಲಿ ಗಾಜಿನ ಕಿಟಕಿಯ ಪುಟ್ಟ ಕ್ಯಾಬಿನ್, ಒಳಗೆ ಕೆಂಪು ಅಂಕಿಗಳ ಪೆಟ್ಟಿಗೆ, ಚೀಟಿ ಮುದ್ರಿಸುವ ಯಂತ್ರ, ಒಂದು ಕುರ್ಚಿ. ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವನು. ಹಳೆಯ ಕಾಗದದ ಹೊರೆ ಹೊತ್ತು ಬಂದ ಲಾರಿ ತುಂಬಿದ ತೂಕ ಕೊಟ್ಟು ಒಳಗೆ ಹೋಗಬೇಕು, ಇಳಿಸಿ ಬಂದು ಖಾಲಿ ತೂಕ ಕೊಟ್ಟು ಹೊರಗೆ ಹೋಗಬೇಕು. ಡ್ರೈವರುಗಳೆಲ್ಲ ಅವನನ್ನು ತೂಕದಣ್ಣ ಎನ್ನುತ್ತಿದ್ದರು. ತೊಂಬತ್ತನಾಲ್ಕು ಕೆ.ಜಿ.ಯ ಮನುಷ್ಯನಿಗೆ ಹೆಸರು ಯಾವ ಕಡೆಯಿಂದ ನೋಡಿದರೂ ಒಪ್ಪುತ್ತಿತ್ತು.

ತೂಕದಣ್ಣನಿಗೆ ಲೋಕದಲ್ಲಿ ಒಂದೇ ಒಂದು ವಸ್ತುವಿನ ಮೇಲೆ ಅಪನಂಬಿಕೆ. ಅದು ನೀರು. ಇದಕ್ಕೆ ಅವನ ಉದ್ಯೋಗವೇ ಕಾರಣ. ಕಾಗದದ ಹೊರೆಗೆ ದಾರಿಯಲ್ಲಿ ನಾಲ್ಕು ಬಿಂದಿಗೆ ನೀರು ಹೊಯ್ದರೆ ತೂಕ ತಾನಾಗಿ ಏರುತ್ತದೆ. ಮೇಲಿನ ಪದರ ಬಿಸಿಲಿಗೆ ಒಣಗಿ ಸಾಧುವಿನಂತೆ ಕಾಣುತ್ತದೆ, ಹೊಟ್ಟೆಯೊಳಗೆ ಮಾತ್ರ ಕೆರೆ. ತೂಕದಣ್ಣ ಹೊರೆಯ ನಡುವಿಗೆ ಮೊಣಕೈವರೆಗೆ ತೋಳು ತೂರಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, “ಈ ಹೊರೆ ಒದ್ದೆ” ಎನ್ನುತ್ತಿದ್ದ. ಅಷ್ಟೇ. ಲಾರಿ ಹಿಂದಕ್ಕೆ. ಮೀಸೆ ಎಂದು ಹೆಸರಾದ ಡ್ರೈವರೊಬ್ಬ ಈ ಪರೀಕ್ಷೆಯಲ್ಲಿ ಹನ್ನೊಂದು ಸಲ ನಪಾಸಾಗಿದ್ದ. “ಆಣೆಗೂ ಮಳೆ ಕಣಣ್ಣಾ!” ಎನ್ನುವನು ಪ್ರತಿ ಸಲ. ಮೇಲೆ ನೋಡಿದರೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ನಿರ್ಮಲ.

ನೀರನ್ನು ದೂರ ಇಡಲು ಇನ್ನೊಂದು ಕಾರಣವೂ ಇತ್ತು. ಕಾರ್ಖಾನೆಯ ಶೌಚಾಲಯ ಅಂಗಳದ ಆ ತುದಿಯಲ್ಲಿ, ಹೊರೆಗಳ ಬೆಟ್ಟದ ಹಿಂದೆ. ಹೋಗಲು ಮುನ್ನೂರ ಇಪ್ಪತ್ತು ಹೆಜ್ಜೆ, ಬರಲು ಅಷ್ಟೇ. ಅಷ್ಟರಲ್ಲಿ ಗೇಟಿನಲ್ಲಿ ಐದು ಲಾರಿ ಹಾರನ್ನು ಬಾರಿಸುತ್ತ ನಿಂತಿರುತ್ತವೆ. ಹೀಗಾಗಿ ತೂಕದಣ್ಣ ಬೆಳಿಗ್ಗೆ ಒಂದು ಲೋಟ, ಸಂಜೆ ಮನೆಗೆ ಹೋದ ಮೇಲೆ ಒಂದು ಲೋಟ ಎಂಬ ವ್ರತ ಹಿಡಿದು, ನಡುವಿನ ಹೊತ್ತನ್ನು ಪುಟ್ಟ ಲೋಟದ ಸಕ್ಕರೆ ಟೀಯಲ್ಲಿ ಕಳೆಯುತ್ತಿದ್ದ. ದಿನಕ್ಕೆ ಹನ್ನೆರಡು ಟೀ. ಮಧ್ಯಾಹ್ನ ಒಂದು ಬಾಟಲಿ ಕಿತ್ತಳೆ ಬಣ್ಣದ ಸೋಡಾ. ತಲೆನೋವು ಬಂದರೆ ಲಾರಿಗಳನ್ನು ಬಯ್ಯುತ್ತಿದ್ದ.

ಈಗ ಅಕ್ಕನ ವಿಷಯ.

ತೂಕದಣ್ಣನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಲವತ್ತನಾಲ್ಕು ಕೆ.ಜಿ.ಯ ಹೆಂಗಸು, ನಾಲಿಗೆ ಮಾತ್ರ ನಾಲ್ಕು ಟನ್ನಿನದು. ಎರಡು ವರ್ಷದ ಹಿಂದೆ ಅವಳ ಎರಡೂ ಕಿಡ್ನಿಗಳು ಕೈಚೆಲ್ಲಿದವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವುದು, ಉಳಿದ ನಾಲ್ಕು ದಿನ ಬಾಯಾರಿಕೆಯ ಪಕ್ಕ ಮಲಗುವುದು. ಹೊಟ್ಟೆಗೆ ಹೋದ ನೀರು ಹೊರಬರುವ ದಾರಿ ಇಲ್ಲವಾದ್ದರಿಂದ ದಿನಕ್ಕೆ ಮೂರು ಸಣ್ಣ ಲೋಟ ಎಂದು ಡಾಕ್ಟರಮ್ಮ ಗೆರೆ ಎಳೆದಿದ್ದಳು. ಮಾತ್ರೆ ನುಂಗುವ ನೀರೂ ಅದರಲ್ಲೇ ಸೇರಬೇಕು. ಅಕ್ಕ ಚಮಚದಲ್ಲಿ ಕುಡಿಯುವುದನ್ನು ಕಲಿತಳು. ಒಂದು ಚಮಚ ನೀರನ್ನು ನಾಲಿಗೆಯ ಮೇಲಿಟ್ಟುಕೊಂಡು, ನಾಮಸ್ಮರಣೆ ಮಾಡುವವರ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದಳು.

ತಮ್ಮನ ಕಿಡ್ನಿ ಅಕ್ಕನಿಗೆ ಹೊಂದುತ್ತದೆ ಎಂದು ಪರೀಕ್ಷೆಗಳು ಹೇಳಿದವು. ತೂಕದಣ್ಣ ಹಿಂದೆಮುಂದೆ ನೋಡಲಿಲ್ಲ. “ಒಂದು ತಾನೇ? ತಗೊಳ್ಳಿ” ಎಂದ. ಡಾಕ್ಟರಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ತಕ್ಕಡಿಯ ಮೇಲೆ ನಿಲ್ಲಿಸಿ, ತಲೆ ಅಲ್ಲಾಡಿಸಿದಳು.

“ತೊಂಬತ್ತನಾಲ್ಕು. ಈ ತೂಕದಲ್ಲಿ ನಾನು ನಿಮ್ಮ ಮೇಲೆ ಕತ್ತಿ ಇಡಲ್ಲ. ಎಂಬತ್ತಾರಕ್ಕೆ ಇಳೀರಿ. ಮೂರು ತಿಂಗಳು ಟೈಮ್ ಇದೆ. ದಿನಕ್ಕೆ ಎಷ್ಟು ನೀರು ಕುಡೀತೀರಾ?”

“ಎರಡು ಲೋಟ.”

“ಎರಡು ಲೀಟರಾ?”

“ಲೋಟ, ಡಾಕ್ಟರಮ್ಮ.”

ಹನ್ನೆರಡು ಟೀಯ ಕಥೆಯೂ ಹೊರಬಿತ್ತು. ಡಾಕ್ಟರಮ್ಮ ಚೀಟಿಯಲ್ಲಿ ದೊಡ್ಡದಾಗಿ ಬರೆದಳು: ದಿನಕ್ಕೆ ಮೂರು ಲೀಟರು ನೀರು. ಟೀ ಎರಡೇ, ಸಕ್ಕರೆ ಇಲ್ಲ. ಸೋಡಾ ಬಂದ್.

ತೂಕದಣ್ಣನಿಗೆ ನಗು ಬಂತು. “ನೀವು ದೊಡ್ಡೋರು, ಓದಿದೋರು. ಆದ್ರೆ ತೂಕದ ಮಾತು ಅಂದ್ರೆ ನನ್ನ ಕಸುಬು. ಒಂದು ಲೀಟರು ನೀರು ಒಂದು ಕೆ.ಜಿ. ಮೂರು ಲೀಟರು ಸುರಿದ್ರೆ ಮೂರು ಕೆ.ಜಿ. ಏರುತ್ತೆ. ನೀವು ಇಳೀಬೇಕು ಅಂತೀರಿ!”

“ಕುಡಿದದ್ದು ಹೊರಗೂ ಹೋಗುತ್ತಲ್ರೀ.”

“ಹೋಗೋದೇ ಆದ್ರೆ ಹಾಕೋದ್ಯಾಕೆ?”

ಡಾಕ್ಟರಮ್ಮನಿಗೆ ತಾಳ್ಮೆ ಇತ್ತು. “ನೀರೇ ಕೊಬ್ಬು ಕರಗಿಸುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆದ್ರೆ ಸಕ್ಕರೆ ನೀರಿನ ಜಾಗಕ್ಕೆ ಬರೀ ನೀರು ಬಂದ್ರೆ ತೂಕ ಇಳಿಯುತ್ತೆ. ಊಟಕ್ಕೆ ಮುಂಚೆ ಎರಡು ಲೋಟ ಕುಡಿದು ಕೂತ್ರೆ ತಟ್ಟೆ ಸ್ವಲ್ಪ ಬೇಗ ಸಾಕು ಅನ್ಸುತ್ತೆ. ತಲೆನೋವು ಕಮ್ಮಿ ಆಗುತ್ತೆ, ಮಲಬದ್ಧತೆ ಹೋಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ತೆಗೆದುಕೊಳ್ಳೋ ಕಿಡ್ನಿ ಒಣಗಿ ಕೂತಿರಬಾರದು.”

ಪಕ್ಕದ ಕುರ್ಚಿಯಲ್ಲಿ ಅಕ್ಕ ಒಣಗಿದ ತುಟಿಯಲ್ಲೇ ಗೊಳ್ಳೆಂದು ನಕ್ಕಳು. “ನೋಡೋ ಭಗವಂತನ ನ್ಯಾಯ! ನಾನು ಒಂದು ತೊಟ್ಟು ಹೆಚ್ಚಿಗೆ ಕೊಡಿ ಅಂತ ಇವರ ಕಾಲು ಹಿಡೀತೀನಿ. ನಿನಗೆ ಮೂರು ಲೀಟರು ಕುಡಿಯಪ್ಪಾ ಅಂತ ಬೇಡ್ಕೊಳ್ತಿದ್ದಾರೆ. ನೀನು ಲೆಕ್ಕ ಹೇಳ್ತೀಯ!”

ಅಂದಿನಿಂದ ಅಕ್ಕನೇ ಮೇಸ್ತ್ರಿ. ಬೆಳಿಗ್ಗೆ ಎಂಟಕ್ಕೆ ಮೊದಲ ವಿಡಿಯೋ ಕರೆ. ಆಮೇಲೆ ಹತ್ತು, ಹನ್ನೆರಡು, ಎರಡು, ನಾಲ್ಕು. ಕ್ಯಾಬಿನಿನ ಗಾಜಿಗೆ ಫೋನು ಒರಗಿಸಿ ತೂಕದಣ್ಣ ಸ್ಟೀಲ್ ಬಾಟಲಿ ಎತ್ತಬೇಕು.

“ಗಟಗಟ ಅಂತ ಸುರ್ಕೋಬೇಡ್ವೋ, ಎಮ್ಮೆ ಕುಡಿದ ಹಾಗೆ! ನಿಧಾನ. ಹಾಂ. ತಣ್ಣಗಿದೆಯಾ?”

“ಇದೆ ಅಕ್ಕ.”

“ಗಂಟಲಲ್ಲಿ ಇಳಿಯೋದು ಗೊತ್ತಾಗುತ್ತಾ?”

“ನೀರು ಅಕ್ಕ. ಇಳಿಯುತ್ತೆ. ಅದರಲ್ಲೇನಿದೆ?”

“ಅದರಲ್ಲೇನಿದೆ ಅಂತಾನೆ, ಮುಟ್ಠಾಳ.”

ಅವನು ನುಂಗುವಾಗ ಆ ಪುಟ್ಟ ಪರದೆಯಲ್ಲಿ ಅಕ್ಕನ ಗಂಟಲೂ ಒಮ್ಮೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು. ಮೊದಮೊದಲು ತೂಕದಣ್ಣ ಅದನ್ನು ಗಮನಿಸಲಿಲ್ಲ. ಗಮನಿಸಿದ ಮೇಲೆ ಕಣ್ಣು ಲಾರಿಗಳ ಕಡೆ ತಿರುಗಿಸಿಕೊಂಡು ಕುಡಿಯತೊಡಗಿದ.

ಮೂರು ಲೀಟರು ಒಳಗೆ ಹೋದ ಮೇಲೆ ಸುಮ್ಮನೆ ಕೂರುತ್ತದೆಯೇ? ದಿನಕ್ಕೆ ಎಂಟು ಸಲ ಮುನ್ನೂರ ಇಪ್ಪತ್ತು ಹೆಜ್ಜೆಯ ಯಾತ್ರೆ ಶುರುವಾಯಿತು. ಅವನು ಕ್ಯಾಬಿನ್ನಿಗೆ ಚಿಲಕ ಹಾಕಿ ಹೊರಟ ಕೂಡಲೇ ಮೀಸೆ ಲಾರಿಯ ಕಿಟಕಿಯಿಂದ ತಲೆ ಹೊರಹಾಕುವನು.

“ತೂಕದಣ್ಣಾ, ಅನ್‌ಲೋಡಿಂಗಾ? ಚೀಟಿ ತಗೊಂಡ್ರಾ?”

“ನಿನ್ನ ಹೊರೆ ನೋಡ್ಕೊಳ್ಳೋ!”

“ನನ್ನದು ಒಣಗಿದೆ ಅಣ್ಣಾ. ಒದ್ದೆಯಾಗಿರೋದು ನೀವೇ!”

ಲಾರಿಗಳ ಸಾಲಿನಲ್ಲಿ ನಗೆ ಎದ್ದು ಗೇಟಿನ ಆಚೆಗೆ ಹೋಗುತ್ತಿತ್ತು. ತೂಕದಣ್ಣ ಅವಮಾನ ನುಂಗಿಕೊಂಡು ನಡೆಯುತ್ತಿದ್ದ. ದಿನಕ್ಕೆ ಐದು ಸಾವಿರ ಹೆಜ್ಜೆಯಾದರೂ ಆಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನು ಇಷ್ಟು ನಡೆದದ್ದೇ ಇಲ್ಲ. ಈ ಗುಟ್ಟು ಮಾತ್ರ ಅವನಿಗೆ ಹೊಳೆಯಲಿಲ್ಲ. ಎರಡನೇ ತಿಂಗಳಲ್ಲಿ ಪ್ಯಾಂಟು ಜಾರತೊಡಗಿದಾಗ, “ದರ್ಜಿ ಬಟ್ಟೆ ಸರಿಯಾಗಿ ಹೊಲಿದಿಲ್ಲ” ಎಂದ. ಹೆಂಡತಿ, “ದರ್ಜಿ ಹೊಲಿದು ಆರು ವರ್ಷ ಆಯ್ತು. ಜಾರ್ತಿರೋದು ನೀವು” ಎಂದು ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಟ್ಟಳು. ತಲೆನೋವು ಹೋದದ್ದನ್ನೂ ಅವಳೇ ಹೇಳಬೇಕಾಯಿತು. ಬಯ್ಯಲು ಲಾರಿಗಳು ಎಂದಿನಂತೆ ಇದ್ದವು, ತಲೆ ಮಾತ್ರ ನೋಯುತ್ತಿರಲಿಲ್ಲ.

ಆದರೆ ಅವನಿಗೆ ನಂಬಿಕೆ ಇದ್ದದ್ದು ತನ್ನ ವೇಬ್ರಿಡ್ಜಿನ ಮೇಲೆ. ಲಾರಿಗಳಿಲ್ಲದ ಹೊತ್ತು ನೋಡಿ ಅವನು ಆ ಕಬ್ಬಿಣದ ಹಲಗೆಯ ಮೇಲೆ ಒಬ್ಬನೇ ನಿಂತು ಗಾಜಿನೊಳಗೆ ಇಣುಕುತ್ತಿದ್ದ. ಅದು ಹತ್ತು ಹತ್ತು ಕೆ.ಜಿ.ಯ ಲೆಕ್ಕದಲ್ಲಿ, ಹತ್ತಿರದ ಹತ್ತಕ್ಕೆ ಸರಿಮಾಡಿ ಎಣಿಸುವ ಯಂತ್ರ. ತೊಂಬತ್ತನಾಲ್ಕು ಇದ್ದಾಗಲೂ ತೊಂಬತ್ತು ತೋರಿಸಿತು, ತೊಂಬತ್ತೊಂದಕ್ಕೆ ಇಳಿದಾಗಲೂ ತೊಂಬತ್ತು, ಎಂಬತ್ತೆಂಟಕ್ಕೂ ತೊಂಬತ್ತು. ಮನುಷ್ಯನೊಬ್ಬ ತಿಂಗಳುಗಟ್ಟಲೆ ಹಗಲಿರುಳು ಒಂದು ಮಾಡಿ ಬೆವರಿಳಿಸಿ ಕರಗಿಸಿದ್ದು ಲೋಕದ ಕಬ್ಬಿಣದ ಕಣ್ಣಿಗೇ ಬೀಳಲಿಲ್ಲ. ನಮ್ಮ ಸಾಧನೆಗಳ ಗತಿ ಬಹಳ ಸಲ ಇದೇ.

ಆಸ್ಪತ್ರೆಯ ತಕ್ಕಡಿ ಮಾತ್ರ ನಿಜ ಹೇಳುತ್ತಿತ್ತು. ಕೊನೆಯ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅದು ಎಂಬತ್ತೆಂಟು ಎಂದಿತು. ಇನ್ನೂ ಎರಡು. ಪರೀಕ್ಷೆ ಮುಗಿದ ವಾರಕ್ಕೆ ಆಪರೇಷನ್ ನಿಗದಿಯಾಗಿತ್ತು. ತೂಕದಣ್ಣ ಕ್ಯಾಬಿನಿನಲ್ಲಿ ಕೂತು ಯೋಚಿಸಿದ. ಎದುರಿಗೆ ಮೀಸೆಯ ಲಾರಿ. ಹೊರೆಯೊಳಗೆ ಕೈ ಹಾಕಿದ. ಒದ್ದೆ.

“ಎರಡು ದಿನ ಬಿಸಿಲಲ್ಲಿ ಹಾಕ್ಕೊಂಡು ಬಾ, ಹೋಗು. ನಿಜವಾದ ತೂಕ ಆವಾಗ ಬರುತ್ತೆ” ಎಂದು ಗದರಿದ.

ಗದರಿದವನಿಗೇ ಆ ಮಾತು ದೇವವಾಣಿಯ ಹಾಗೆ ಕೇಳಿಸಿತು. ಎರಡು ದಿನ ಒಣಗಿಸಿದರೆ ನಿಜವಾದ ತೂಕ! ತನ್ನೊಳಗಿರುವ ಆ ಎರಡು ಕೆ.ಜಿ. ತನ್ನದಲ್ಲ, ನೀರಿನದು. ಇಷ್ಟು ಸರಳ ಲೆಕ್ಕ ಓದಿದವರಿಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಡಾಕ್ಟರಮ್ಮನ ಮೇಲೆ ಕನಿಕರವೇ ಬಂತು.

ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಅವನು ಒಂದು ಹನಿ ನೀರು ಮುಟ್ಟಲಿಲ್ಲ. ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಕೂತ. ಅಕ್ಕನ ಕರೆ ಬಂದಾಗ ಖಾಲಿ ಬಾಟಲಿ ಎತ್ತಿ, ಗಂಟಲು ಆಡಿಸಿ, “ಆಹಾ” ಎಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇವನು ಕಣ್ಣು ತೆರೆದುಕೊಂಡೇ ಇಲ್ಲದ ನೀರು ಕುಡಿದ.

“ತಣ್ಣಗಿದೆಯಾ?” ಎಂದಳು ಅಕ್ಕ.

“ಬಹಳ ತಣ್ಣಗಿದೆ” ಎಂದ.

ಆ ಕಡೆ ಅಕ್ಕನ ಗಂಟಲು ಎಂದಿನಂತೆ ಏರಿ ಇಳಿಯಿತು. ಅವಳು ಅವನ ಸುಳ್ಳನ್ನೂ ಅಷ್ಟೇ ಆಸೆಯಿಂದ ಕುಡಿದಳು.

ಪರೀಕ್ಷೆಯ ದಿನ ತಕ್ಕಡಿ ಎಂಬತ್ತೈದೂ ಮುಕ್ಕಾಲು ತೋರಿಸಿತು. ನರ್ಸು, “ಭೇಷ್!” ಎಂದಳು. ರಕ್ತ ತೆಗೆದುಕೊಂಡು ಹೋದಳು. ತೂಕದಣ್ಣ ಗೋಡೆಗೆ ಒರಗಿ ನಿಂತು ಗೆದ್ದವನಂತೆ ನಗಲು ಹೋದ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅಕ್ಕ ಅವನನ್ನು ದಿಟ್ಟಿಸಿದಳು. ತುಟಿಯ ಬಿರುಕು, ಬಾಯಿಯ ಮೂಲೆಯ ಬಿಳಿ ಅಂಚು, ಮಾತಿಗೆ ಮುಂಚೆ ನಾಲಿಗೆ ಹೊರಬಂದು ತುಟಿ ಸವರಿ ಹೋದ ರೀತಿ. ಲೋಕದಲ್ಲಿ ಬೇರೆ ಯಾರನ್ನು ಮೋಸ ಮಾಡಿದರೂ ಬಾಯಾರಿಕೆಯ ವಿಷಯದಲ್ಲಿ ಅಕ್ಕನನ್ನು ಮೋಸ ಮಾಡಲಾಗುತ್ತದೆಯೇ?

“ಎಷ್ಟು ದಿನ ಆಯ್ತೋ?”

“ಏನು?”

“ನೀರು ಬಿಟ್ಟು.”

ತೂಕದಣ್ಣ ನೆಲ ನೋಡಿದ. “ಎರಡು ದಿನ.”

ಅಕ್ಕ ಬಯ್ಯಲಿಲ್ಲ. ಅದರಿಂದಲೇ ಅವನಿಗೆ ಭಯವಾಯಿತು.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ವರದಿ ಹಿಡಿದು ಬಂದಳು. ತಕ್ಕಡಿ ಮೆಚ್ಚಿದ್ದನ್ನು ರಕ್ತ ಮೆಚ್ಚಿರಲಿಲ್ಲ. ಕಿಡ್ನಿ ದಣಿದ ಗುರುತು ಅದರಲ್ಲಿತ್ತು. ನಡೆದದ್ದನ್ನೆಲ್ಲ ತೂಕದಣ್ಣನೇ ಹೇಳಿದ, ಒಣಗಿಸಿದ ಹೊರೆಯ ಲೆಕ್ಕವನ್ನೂ ಸೇರಿಸಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನೀರು ಕುಡಿಯದವನ ಗತಿ ಏನೆಂದು ಮಾತ್ರ ಯಾವ ಗಾದೆಯೂ ಹೇಳಿಲ್ಲ.

“ಕಾಗದದಲ್ಲಿ ನೀರು ಮೋಸ ಇರಬಹುದು, ತೂಕದಣ್ಣ. ನಿಮ್ಮಲ್ಲಿ ನೀರೇ ಸರಕು. ನಾನು ಇಳಿಸಿ ಅಂದದ್ದು ಕೊಬ್ಬು, ನೀವು ಇಳಿಸಿದ್ದು ನೀರು. ಈ ವರದಿ ಇಟ್ಕೊಂಡು ಮುಂದಿನ ವಾರ ಆಪರೇಷನ್ ಮಾಡಲ್ಲ. ಆರು ವಾರ ಬಿಟ್ಟು ಬನ್ನಿ.”

ಆರು ವಾರ ಎಂದರೆ ಅಕ್ಕನಿಗೆ ಹದಿನೆಂಟು ಸಲ ಯಂತ್ರ, ನಲವತ್ತೆರಡು ದಿನ ಚಮಚ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ತೂಕದಣ್ಣನ ಕಣ್ಣು ತುಂಬಿಕೊಂಡಿತು. ಅಕ್ಕ ಸೆರಗಿನಲ್ಲಿ ಒರೆಸಿ, “ಅಳಬೇಡ್ವೋ, ಇರೋ ನೀರನ್ನೂ ಚೆಲ್ತೀಯ” ಎಂದಳು. ಆಮೇಲೆ ನಲ್ಲಿಯ ಹತ್ತಿರ ನಿಲ್ಲಿಸಿ ಬಾಟಲಿ ತುಂಬಿಸಿಕೊಟ್ಟಳು. ಅವನು ಕುಡಿದ. ಎರಡು ದಿನದ ಒಣ ಗಂಟಲಲ್ಲಿ ಆ ತಣ್ಣನೆಯದು ಇಳಿಯುತ್ತಾ ಹೋಯಿತು. ಎದೆಯ ತನಕ, ಹೊಟ್ಟೆಯ ತನಕ ಅದರ ದಾರಿ ತಿಳಿಯುತ್ತಿತ್ತು. ಅವನು ಬಾಟಲಿ ಕೆಳಗಿಳಿಸಿ ಅಕ್ಕನ ಮುಖ ನೋಡಿದ.

“ಈಗ ಗೊತ್ತಾಯ್ತಾ ಅದರಲ್ಲೇನಿದೆ ಅಂತ?” ಎಂದಳು ಅಕ್ಕ.

ಫೋನಿನ ಕಾವಲು ಸಾಲದೆಂದು ಯಂತ್ರದ ಪಾಳಿ ಇಲ್ಲದ ದಿನ ಅಕ್ಕ ಕ್ಯಾಬಿನ್ನಿಗೇ ಬಂದು ಸ್ಟೂಲಿನ ಮೇಲೆ ಕೂತಳು. ಸ್ಟೀಲ್ ಬಾಟಲಿ ಹೋಗಿ ಗಾಜಿನದು ಬಂತು. ಅವನು ಅದನ್ನು ಅರ್ಧ ಮುಗಿಸುವಷ್ಟರಲ್ಲಿ ಅವಳು ತನ್ನ ಪಾಲಿನ ನಾಲ್ಕು ಚಮಚ ಮುಗಿಸುವಳು. ಎರಡು ದಿನ ಬಾಯಾರಿದವನು ಎರಡು ವರ್ಷ ಬಾಯಾರಿದವಳ ಪಕ್ಕ ಕೂತು ಏನು ತಾನೇ ಮಾತಾಡಿಯಾನು? ಮೀಸೆ ಮೊದಲ ದಿನ ಎಂದಿನ ಹಾಗೆ, “ಅನ್‌ಲೋಡಿಂಗಾ ಅಣ್ಣಾ?” ಎಂದು ಕೂಗಿದ. ಅಕ್ಕ ಗಾಜು ಸರಿಸಿ, “ಬಾಪ್ಪಾ ಇಲ್ಲಿ. ನಿನ್ನ ಹೊರೆಗೆ ಹೊಯ್ದ ನೀರಿದೆಯಲ್ಲ, ಅದರಲ್ಲಿ ನಾನು ಒಂದು ತಿಂಗಳು ಬದುಕ್ತೀನಿ. ಕಾಗದಕ್ಕೆ ಕುಡಿಸ್ತೀಯಲ್ಲೋ, ಪುಣ್ಯಾತ್ಮ!” ಎಂದಳು. ಮೀಸೆಯ ಮೀಸೆ ಇಳಿಯಿತು. ಮರುದಿನದಿಂದ ಅವನ ಹೊರೆಗಳು ಗರಿಗರಿಯಾಗಿ ಬಂದವು. ಎಷ್ಟು ದಿನದ ಮಟ್ಟಿಗೆ ಎಂದು ಕೇಳಬೇಡಿ.

ಆರನೇ ವಾರ, ಗೇಟಿನಲ್ಲಿ ಲಾರಿಗಳಿಲ್ಲದ ಹೊತ್ತಿನಲ್ಲಿ ಅಕ್ಕನಿಗೆ ವೇಬ್ರಿಡ್ಜ್ ಹತ್ತುವ ಆಸೆಯಾಯಿತು. ಅವಳೊಬ್ಬಳೇ ನಿಂತಳು. ನಲವತ್ತು ಎಂದಿತು. “ನಾಲ್ಕು ಕೆ.ಜಿ. ನುಂಗಿಬಿಡ್ತು ನೋಡು ಈ ಕಬ್ಬಿಣ!” ಎಂದಳು. ತೂಕದಣ್ಣ ನಿಂತ. ಅದೇ ತೊಂಬತ್ತು. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡು ಒಟ್ಟಿಗೆ ನಿಂತರು. ಕೆಂಪು ಅಂಕಿಗಳು ಸ್ವಲ್ಪ ನಡುಗಿ ನೂರ ಮೂವತ್ತರಲ್ಲಿ ನಿಂತವು. ಮರುದಿನ ಆಸ್ಪತ್ರೆಯ ತಕ್ಕಡಿ ಎಂಬತ್ತಾರು ಎಂದಿತು. ನಲವತ್ತನಾಲ್ಕು ಸೇರಿಸಿ ನೋಡಿ. ಹತ್ತರ ಲೆಕ್ಕ ಬಿಟ್ಟರೆ ಬೇರೆ ಲೆಕ್ಕ ಗೊತ್ತಿಲ್ಲದ ಆ ಯಂತ್ರ, ಇಬ್ಬರೂ ಕೂಡಿ ನಿಂತಾಗ ಒಂದು ಸಲ ನಿಜ ಹೇಳಿತ್ತು.

ರಕ್ತವೂ ಒಪ್ಪಿತು. ಆಪರೇಷನ್ ಆಯಿತು. ದೇವರ ದಯೆ, ಡಾಕ್ಟರಮ್ಮನ ಕೈ. ತಮ್ಮನ ಕಿಡ್ನಿ ಅಕ್ಕನ ಹೊಟ್ಟೆಯಲ್ಲಿ ತನ್ನ ಮನೆಗೇ ಬಂದ ಹಾಗೆ ಕೆಲಸಕ್ಕೆ ಕೂತಿತು. ಕೆಲವು ದಿನದ ಮೇಲೆ ನರ್ಸು ದೊಡ್ಡ ಲೋಟದ ತುಂಬಾ ನೀರು ತಂದು ಕೊಟ್ಟಾಗ ಅಕ್ಕ ಚಮಚಕ್ಕಾಗಿ ಕೈ ಚಾಚಿದಳು. “ಹಾಗೇ ಕುಡೀರಿ ಅಮ್ಮಾ, ಪೂರ್ತಿ” ಎಂದಳು ನರ್ಸು. ಅಕ್ಕ ಎರಡು ಕೈಯಲ್ಲಿ ಲೋಟ ಹಿಡಿದು, ಒಮ್ಮೆ ಹಣೆಗೆ ಮುಟ್ಟಿಸಿಕೊಂಡು, ಎಮ್ಮೆ ಕುಡಿದ ಹಾಗೆ ಗಟಗಟ ಕುಡಿದಳು. ಪಕ್ಕದ ಮಂಚದಲ್ಲಿ ತೂಕದಣ್ಣನ ಗಂಟಲು ಏರಿ ಇಳಿಯಿತು.

ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಡಾಕ್ಟರಮ್ಮ ಅಕ್ಕನನ್ನು ಮನೆಗೆ ಕಳಿಸುವಾಗ ಚೀಟಿಯಲ್ಲಿ ದೊಡ್ಡದಾಗಿ ಬರೆದಳು: ದಿನಕ್ಕೆ ಮೂರು ಲೀಟರು ನೀರು. ತಪ್ಪಬಾರದು.

ಮೊದಲ ವಾರ ಅಕ್ಕನಿಗೆ ಹಬ್ಬ. ಎರಡನೇ ವಾರ, “ಸ್ವಲ್ಪ ಜಾಸ್ತಿ ಆಯ್ತೇನೋ” ಎಂದಳು. ತಿಂಗಳಾದಾಗ ಬೆಳಿಗ್ಗೆ ಎಂಟರ ವಿಡಿಯೋ ಕರೆ ಕ್ಯಾಬಿನಿನಿಂದ ಹೋಗುತ್ತಿತ್ತು.

“ಅಕ್ಕಾ, ಎರಡನೇ ಲೋಟ?”

“ಆಯ್ತು ಕಣೋ.”

“ನನ್ನ ಮುಂದೆ ಕುಡಿ.”

“ಈಗಿನ್ನೂ ಕುಡಿದೆ. ಸ್ನಾನಕ್ಕೆ ಹೋಗ್ಬೇಕು, ಇಡು.”

ಹೀಗೆ ನಾಲ್ಕು ದಿನ ನಡೆದ ಮೇಲೆ ತೂಕದಣ್ಣ ಒಂದು ಭಾನುವಾರ ಹೇಳದೆ ಕೇಳದೆ ಅಕ್ಕನ ಮನೆಗೆ ಹೋದ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಕೈಯಲ್ಲಿ ಖಾಲಿ ಲೋಟ, ಮುಖದಲ್ಲಿ ಸಾಧುವಿನ ಕಳೆ. “ನೋಡು, ಈಗ ತಾನೇ ಮುಗಿಸಿದೆ” ಎಂದಳು. ಕಿಟಕಿಯ ಕಟ್ಟೆಯ ಮೇಲೆ ಹೂವಿನ ಕುಂಡವೊಂದಿತ್ತು. ಗಿಡದ ಎಲೆಗಳೆಲ್ಲ ಹಳದಿಗೆ ತಿರುಗಿ ಜೋತುಬಿದ್ದಿದ್ದವು.

ತೂಕದಣ್ಣ ಅಂಗಿಯ ತೋಳು ಮಡಚಿದ. ಎರಡು ಬೆರಳನ್ನು ಕುಂಡದ ಮಣ್ಣಿಗೆ ಬುಡದವರೆಗೆ ತೂರಿಸಿ, ಒಂದು ಕ್ಷಣ ಕಣ್ಣು ಮುಚ್ಚಿದ.

“ಅಕ್ಕಾ, ಈ ಹೊರೆ ಒದ್ದೆ.”

“ಮಳೆ ಬಂದಿತ್ತು ಕಣೋ” ಎಂದಳು ಅಕ್ಕ.

ತೂಕದಣ್ಣ ಕಿಟಕಿಯಿಂದ ಮೇಲೆ ನೋಡಿದ. ಆಮೇಲೆ ಒಳಗೆ ಹೋಗಿ ಲೋಟ ತುಂಬಿಸಿಕೊಂಡು ಬಂದು, ಅಕ್ಕನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. ಅಕ್ಕ ಮುಖ ಸಿಂಡರಿಸಿದಳು. “ಸಪ್ಪೆ ಕಣೋ ಇದು. ಎಷ್ಟು ಅಂತ ಕುಡಿಯೋದು ಮನುಷ್ಯ? ಅದರಲ್ಲೇನಿದೆ?”

“ನನ್ನ ಕಿಡ್ನಿ ಇದೆ ಒಳಗೆ. ಅದಕ್ಕೆ ಬಾಯಾರಿದೆ. ಕುಡಿ.”

ಅಕ್ಕ ಗೊಣಗುತ್ತ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ತೂಕದಣ್ಣ ಅವಳ ಗಂಟಲನ್ನೇ ನೋಡುತ್ತಿದ್ದ.

“ನಿಧಾನ. ತಣ್ಣಗಿದೆಯಾ?” ಎಂದ.